ನನ್ನ ಎಡ ಭುಜ ಮತ್ತು ಎರಡು ಸೂಟು

ಹನ್ನೊಂದನೇ ವಯಸ್ಸಿನಲ್ಲಿ ಸೀಬೆ ಮರದಿಂದ ಬಿದ್ದು ಎಡಗಡೆಯ ಕಾಲರ್ ಬೋನ್ ಮುರಿದುಕೊಂಡಿದ್ದೆ. ಮೂಳೆ ಕೂಡಿಕೊಂಡಿತು, ಆದರೆ ಒಂದು ತುದಿ ಇನ್ನೊಂದರ ಮೇಲೆ ಏರಿ ಕೂಡಿಕೊಂಡಿತು. ಅದರಿಂದ ನನ್ನ ಎಡ ಭುಜ ಬಲ ಭುಜಕ್ಕಿಂತ ಸ್ವಲ್ಪ ಕೆಳಗಿದೆ. ಸ್ವಲ್ಪ ಗಿಡ್ಡವೂ ಆಗಿದೆ. ಷರಟು ಹಾಕಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ನಾನೂ ಮರೆತುಬಿಟ್ಟಿದ್ದೆ. ಮೂವತ್ತೇಳನೇ ವಯಸ್ಸಿನಲ್ಲಿ ಮೊದಲ ಸೂಟು ಹೊಲಿಸಿದಾಗ ಅದು ಮತ್ತೆ ನೆನಪಿಗೆ ಬಂತು.

ಅಲ್ಲಿಯವರೆಗೆ ನನಗೆ ಸೂಟು ಬೇಕಾಗಿರಲಿಲ್ಲ. ಮದುವೆಯಲ್ಲಿ ಪಂಚೆ, ಶಲ್ಯ. ರಿಸೆಪ್ಷನ್ನಿಗೆ ಅಣ್ಣನ ಕೋಟು. ಆಫೀಸಿನಲ್ಲಿ ಕೋಡ್ ಬರೆಯುವವರಿಗೆ ಬಟ್ಟೆಯ ಬಗ್ಗೆ ಯಾರೂ ಏನೂ ಕೇಳುವುದಿಲ್ಲ. ಆಮೇಲೆ ಕೆಲಸ ಬದಲಾಯಿತು. ಬ್ಯಾಂಕಿನವರ ಜೊತೆ ಕೂತು ಮಾತಾಡುವ ಕೆಲಸ. ತಿಂಗಳಿಗೆ ಎರಡು ಸಲ ಮುಂಬೈ, ವರ್ಷಕ್ಕೆ ಮೂರು ಸಲ ಲಂಡನ್. ಅಲ್ಲಿ ಮೇಜಿನ ಆಚೆ ಕೂತವರೆಲ್ಲ ಸೂಟಿನಲ್ಲಿರುತ್ತಿದ್ದರು. ಈಚೆ ನಾನೂ ಹಾಗೇ ಕೂರಬೇಕಿತ್ತು.

ಮಾಲ್ ಒಂದರ ಅಂಗಡಿಗೆ ಹೋದೆ. ಅಲ್ಲಿ 'ಮೇಡ್ ಟು ಮೆಷರ್', ಅಂದರೆ ಅಳತೆಗೆ ಮಾಡಿಕೊಡುವ, ಬೇರೆ ವಿಭಾಗವಿತ್ತು. ಚೆನ್ನಾಗಿ ಮಾತಾಡಿಸಿದರು. ಗೋಡೆ ತುಂಬ ಬಟ್ಟೆಯ ತುಣುಕುಗಳು. ಟ್ಯಾಬ್ ಹಿಡಿದುಕೊಂಡು ಲೈನಿಂಗ್ ಬಣ್ಣ, ಗುಂಡಿ, ಜೇಬಿನ ಆಕಾರ ಎಲ್ಲ ಆರಿಸಿದೆ. ಒಳಗಡೆ ಹೆಸರಿನ ಅಕ್ಷರ ಬೇಕಾ ಅಂದರು. ಬೇಕು ಅಂದೆ. ಕೈತುದಿಯ ಗುಂಡಿಗಳು ನಿಜವಾಗಿ ಬಿಚ್ಚುವ ಹಾಗಿರಬೇಕಾ, ಸುಮ್ನೆ ಅಲಂಕಾರಕ್ಕಾ ಅಂದರು. ಬಿಚ್ಚುವ ಹಾಗೆ ಅಂದೆ. ನಲವತ್ತನೇ ಸೈಜಿನ ಟ್ರಯಲ್ ಕೋಟು ಹಾಕಿಸಿ ಅಲ್ಲಲ್ಲಿ ಪಿನ್ನು ಚುಚ್ಚಿದರು. "ಸರ್, ನಿಮ್ಮದು ಪರ್ಫೆಕ್ಟ್ ಫೋರ್ಟಿ" ಅಂತ ಹೇಳಿದ ಹುಡುಗನ ಮುಖದಲ್ಲಿ ನಿಜವಾದ ಖುಷಿಯಿತ್ತು. 32,000 ರೂಪಾಯಿ. ನಾಲ್ಕು ವಾರ.

ಸೂಟು ಬಂತು. ಸೊಂಟ ಸರಿ, ಪ್ಯಾಂಟು ಸರಿ, ಬಲಗಡೆ ಎಲ್ಲ ಸರಿ. ಎಡಗಡೆ ಕತ್ತಿನಿಂದ ಕಂಕುಳಿನ ಕಡೆಗೆ ಓರೆಯಾಗಿ ಎರಡು ಸುಕ್ಕು. ಎಡ ತೋಳು ಅರ್ಧ ಇಂಚು ಉದ್ದ. ಹಿಂದೆ ಕುತ್ತಿಗೆಯ ಹತ್ತಿರ ಕೋಟಿನ ಕಾಲರ್ ಷರಟಿನ ಕಾಲರಿನಿಂದ ದೂರ ನಿಂತಿತ್ತು. ಹೇಳಿದೆ. ಎಡ ಭುಜಕ್ಕೆ ದಪ್ಪ ಪ್ಯಾಡ್ ಹಾಕಿಕೊಟ್ಟರು. ಆಗ ಸುಕ್ಕು ಕಡಿಮೆಯಾಯಿತು, ಕಾಲರ್ ಇನ್ನೂ ದೂರ ಹೋಯಿತು. ತೋಳು ಚಿಕ್ಕದು ಮಾಡಿ ಅಂದರೆ ಆಗುವುದಿಲ್ಲ ಅಂದರು. ನಾನೇ ಆರಿಸಿದ ಬಿಚ್ಚುವ ಗುಂಡಿಗಳು ಅಡ್ಡ ಬಂದಿದ್ದವು. ಕಾಜಾ, ಅಂದರೆ ಗುಂಡಿಯ ತೂತು, ಕತ್ತರಿಸಿ ಆದ ಮೇಲೆ ಕೈತುದಿಯಲ್ಲಿ ಬಟ್ಟೆ ಮಡಿಸಲು ಬರುವುದಿಲ್ಲ. ಭುಜದ ಕಡೆಯಿಂದ ತೋಳು ಬಿಚ್ಚಿ ಚಿಕ್ಕದು ಮಾಡಬೇಕು. ಅದು ದೊಡ್ಡ ಕೆಲಸ.

ಏನು ತಪ್ಪಾಗಿದೆ ಅಂತ ನನಗೆ ಹೇಳಿದವರು ಅರಸೀಕೆರೆಯ ನನ್ನ ಚಿಕ್ಕಪ್ಪ. ಅವರು ಮೂವತ್ತೈದು ವರ್ಷ ಟೈಲರ್ ಆಗಿದ್ದವರು. ಸ್ಕೂಲ್ ಯೂನಿಫಾರ್ಮು, ಪ್ಯಾಂಟು, ಷರಟು. ಆಫೀಸಿನ ಕಾರ್ಯಕ್ರಮದ ಫೋಟೋ ತೋರಿಸಿದೆ. ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ನೀನು ಸೀಬೆ ಮರದಿಂದ ಬಿದ್ದಿದ್ದು ಎಡಗಡೆಗೆ ಅಲ್ವಾ?" ಅಂದರು.

"ಹಾಗಾದ್ರೆ ನೀವೇ ಒಂದು ಕೋಟು ಹೊಲಿದುಕೊಡಿ ಚಿಕ್ಕಪ್ಪ" ಅಂದೆ.

"ನನಗೆ ಕೋಟು ಬರಲ್ಲ ಕಣೋ. ಷರಟು ಮೈಮೇಲೆ ಬೀಳುತ್ತೆ. ಕೋಟು ಮೈಮೇಲೆ ಕೂರಬೇಕು. ಅದು ಬೇರೆ ಕೆಲಸ."

ಆ ಮಾತಿನ ಅರ್ಥ ಪೂರ್ತಿ ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಷರಟಿಗೆ ಅಳತೆ ಸಾಕು. ಎದೆ, ಭುಜ, ತೋಳು, ಉದ್ದ ತಗೊಂಡು ಬಟ್ಟೆಯ ಮೇಲೆ ಚಾಕ್ ಎಳೆದು ಕತ್ತರಿಸಿದರೆ ಆಯಿತು. ಕಾಲಿಂಚು ಆಚೀಚೆ ಆದರೂ ಬಟ್ಟೆ ತಡೆದುಕೊಳ್ಳುತ್ತದೆ. ಕೋಟು ಹಾಗಲ್ಲ. ಅದರ ಭಾರವೆಲ್ಲ ಕತ್ತು ಮತ್ತು ಭುಜದ ಮೇಲೆ. ಅಲ್ಲಿ ತಪ್ಪಿದರೆ ಕೆಳಗಿನದೆಲ್ಲ ಎಳೆದುಕೊಳ್ಳುತ್ತದೆ. ಟೇಪಿಗೆ ಸಿಗದ ವಿಷಯಗಳೂ ಬಹಳ ಇವೆ. ಭುಜ ಎಷ್ಟು ಇಳಿಜಾರಾಗಿದೆ, ಬೆನ್ನು ಎಷ್ಟು ಬಾಗಿದೆ, ಸುಮ್ಮನೆ ನಿಂತಾಗ ಕೈ ಮುಂದಕ್ಕೆ ತೂಗುತ್ತದಾ ಹಿಂದಕ್ಕಾ, ಇಂಥವು. ಇಬ್ಬರ ಎದೆಯೂ ನಲವತ್ತು ಇಂಚೇ ಇರಬಹುದು. ಒಬ್ಬರು ಕಂಪ್ಯೂಟರ್ ಮುಂದೆ ಕೂತು ಬೆನ್ನು ಬಾಗಿದವರು, ಇನ್ನೊಬ್ಬರು ಎದೆ ಎತ್ತಿ ನಿಲ್ಲುವವರು. ಒಬ್ಬರಿಗೆ ಹಿಂಭಾಗ ಉದ್ದ ಬೇಕು, ಇನ್ನೊಬ್ಬರಿಗೆ ಮುಂಭಾಗ. ಟೇಪು ಇಬ್ಬರಿಗೂ ಒಂದೇ ಸಂಖ್ಯೆ ಹೇಳುತ್ತದೆ.

ಒಬ್ಬರಿಗಾಗಿಯೇ ಹೊಸದಾಗಿ ಕತ್ತರಿಸಿ ಹೊಲಿಯುವುದಕ್ಕೆ ಇಂಗ್ಲಿಷಿನಲ್ಲಿ 'ಬೆಸ್ಪೋಕ್' ಅನ್ನುತ್ತಾರೆ. ಕನ್ನಡದಲ್ಲಿ ನಮಗೆ ಆ ಪದ ಬೇಕಾಗಿಯೇ ಇರಲಿಲ್ಲ. 'ಹೊಲಿಸಿದೆ' ಅಂದರೆ ಮುಗಿಯಿತು. ದೀಪಾವಳಿಗೆ ಮೀಟರ್ ಲೆಕ್ಕದಲ್ಲಿ ಬಟ್ಟೆ ತಂದು, ಮನೆಯ ಗಂಡುಮಕ್ಕಳಿಗೆಲ್ಲ ಒಂದೇ ಥಾನಿನಿಂದ ಹೊಲಿಸುತ್ತಿದ್ದರು. "ಬೆಳೆಯೋ ಹುಡುಗ, ಸ್ವಲ್ಪ ಲೂಸಾಗಿರಲಿ" ಅಂತ ಅಮ್ಮ ಹೇಳುತ್ತಿದ್ದರು. ಆಗ ವಿಶೇಷ ಅನ್ನಿಸುತ್ತಿದ್ದದ್ದು ರೆಡಿಮೇಡ್. ಕೋಟೂ ನಮಗೆ ಹೊಸದಲ್ಲ. ಹಳೇ ಮೈಸೂರಿನ ಮೇಷ್ಟ್ರುಗಳು ಕಚ್ಚೆ ಪಂಚೆಯ ಮೇಲೆ ಕ್ಲೋಸ್ ಕಾಲರ್ ಕೋಟು ಹಾಕಿ, ತಲೆಗೆ ಪೇಟ ಕಟ್ಟಿ ಪಾಠಕ್ಕೆ ಬರುತ್ತಿದ್ದರು. ವಿಶ್ವೇಶ್ವರಯ್ಯನವರ ಯಾವ ಫೋಟೋ ನೋಡಿದರೂ ಕೋಟು ನೆಟ್ಟಗೆ ಕೂತಿರುತ್ತದೆ. ಬೆಂಗಳೂರಿನ ಪಿ.ಎನ್. ರಾವ್ ಅಂಗಡಿ ಶುರುವಾಗಿದ್ದು 1923ರಲ್ಲಿ. ಅಂದರೆ ಕೋಟು ಹೊಲಿಯುವ ಕೈಗಳು ಈ ಊರಿನಲ್ಲಿ ನೂರು ವರ್ಷದಿಂದ ಇವೆ. ಹಾಗಾಗಿ 'ಮೇಡ್ ಟು ಮೆಷರ್', 'ಬೆಸ್ಪೋಕ್' ಅಂತ ಇಂಗ್ಲಿಷಿನ ಎರಡು ಹೊಸ ಪದಗಳು ಬಂದಾಗ ಎರಡೂ 'ಹೊಲಿಸುವುದೇ' ಅಲ್ವಾ ಅಂತ ನಾನೂ ಅಂದುಕೊಂಡಿದ್ದೆ.

ಎರಡೂ ಒಂದಲ್ಲ. ಮೇಡ್ ಟು ಮೆಷರ್‌ನಲ್ಲಿ ಕಂಪನಿಯ ಹತ್ತಿರ ಮೊದಲೇ ತಯಾರಾದ ಒಂದು ಮೂಲ ನಮೂನೆ ಇರುತ್ತದೆ. ನಿಮ್ಮ ಅಳತೆಗೆ ಹತ್ತಿರದ ಸೈಜನ್ನು ತಗೊಂಡು ತೋಳು, ಸೊಂಟ, ಉದ್ದವನ್ನು ಕಂಪ್ಯೂಟರಿನಲ್ಲಿ ತಿದ್ದುತ್ತಾರೆ. ಬಟ್ಟೆಯನ್ನು ಯಂತ್ರ ಕತ್ತರಿಸುತ್ತದೆ, ಕಾರ್ಖಾನೆಯಲ್ಲಿ ಹೊಲಿಯುತ್ತಾರೆ. ನೀವು ನೋಡುವ ಹೊತ್ತಿಗೆ ಸೂಟು ಮುಗಿದಿರುತ್ತದೆ. ಬೆಸ್ಪೋಕ್‌ನಲ್ಲಿ ಮೂಲ ನಮೂನೆ ಅಂತ ಇಲ್ಲ. ಕಟಿಂಗ್ ಮಾಸ್ಟರ್ ನಿಮಗಾಗಿಯೇ ಕಾಗದದ ಮೇಲೆ ಹೊಸದಾಗಿ ನಕ್ಷೆ ಬರೆಯುತ್ತಾರೆ. ಅದರ ಪ್ರಕಾರ ಬಟ್ಟೆ ಕತ್ತರಿಸಿ, ಬಿಳಿ ನೂಲಿನಲ್ಲಿ ದೂರ ದೂರ ಕಚ್ಚಾ ಹೊಲಿಗೆ ಹಾಕಿ, ನಿಮ್ಮ ಮೈಮೇಲೆ ಹಾಕಿ ನೋಡುತ್ತಾರೆ. ಮತ್ತೆ ಪೂರ್ತಿ ಬಿಚ್ಚುತ್ತಾರೆ.

ಲಂಡನ್ನಿಗೆ ಹೋದಾಗ ಒಂದು ಸಂಜೆ ಸೂಟು ಹೊಲಿಯುವ ಟೈಲರ್‌ಗಳಿಗೆ ಹೆಸರಾದ ಸ್ಯಾವಿಲ್ ರೋ ಬೀದಿಯಲ್ಲಿ ನಡೆದೆ. ಚಿಕ್ಕ ಬೀದಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆಯಲು ಐದು ನಿಮಿಷ ಬೇಡ. ಹೆನ್ರಿ ಪೂಲ್ ಎಂಬ ಅಂಗಡಿ 1806ರಲ್ಲಿ ಶುರುವಾಗಿ, 1846ರಲ್ಲಿ ಈ ಬೀದಿಗೆ ಬಾಗಿಲು ತೆರೆಯಿತು. ಕೆಲವು ಅಂಗಡಿಗಳಲ್ಲಿ ನೆಲಮಾಳಿಗೆಯಲ್ಲಿ ಕೂತು ಹೊಲಿಯುವವರು ಬೀದಿಯಿಂದಲೇ ಕಾಣುತ್ತಾರೆ. ಗಿರಾಕಿ ಒಂದು ಬಟ್ಟೆಯನ್ನು ಆರಿಸಿ 'ಇದು ನನ್ನದು' ಅಂತ ಮಾತು ಕೊಟ್ಟರೆ ಆ ಬಟ್ಟೆ 'ಬೆಸ್ಪೋಕ್' ಆಯಿತು. ಪದ ಹುಟ್ಟಿದ್ದು ಹೀಗೆ ಅಂತ ಅಲ್ಲಿಯ ಟೈಲರ್‌ಗಳು ಹೇಳುತ್ತಾರೆ. ಅಲ್ಲಿಯ ಒಂದು ಸೂಟಿಗೆ 5,000 ಪೌಂಡ್ ಕೂಡ ಸಾಲುವುದಿಲ್ಲ. ನಾನು ಕಿಟಕಿಯಿಂದ ನೋಡಿ ಬಂದೆ.

ಪದದ ಬಗ್ಗೆ ಅಲ್ಲೂ ಜಗಳವಾಗಿದೆ. ಯಂತ್ರದಲ್ಲಿ ಕತ್ತರಿಸಿದ ಸೂಟನ್ನು ಬೆಸ್ಪೋಕ್ ಅಂತ ಜಾಹೀರಾತು ಮಾಡಿದ್ದಕ್ಕೆ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆಗೆ ದೂರು ಹೋಯಿತು. 2008ರಲ್ಲಿ ಸಂಸ್ಥೆ ಆ ದೂರನ್ನು ಒಪ್ಪಲಿಲ್ಲ. ಎರಡೂ ಗಿರಾಕಿಯ ಅಳತೆಗೆ ಮಾಡಿದ್ದೇ, ಪದ ಬಳಸಬಹುದು ಅಂತ ಹೇಳಿತು. ಆ ಬೀದಿಯ ಟೈಲರ್‌ಗಳು 2004ರಲ್ಲೇ ಒಂದು ಸಂಘ ಕಟ್ಟಿಕೊಂಡಿದ್ದರು. ಅವರ ಪ್ರಕಾರ ಒಂದು ಸೂಟಿಗೆ ಕಡಿಮೆ ಅಂದರೂ 50 ಗಂಟೆ ಕೈಕೆಲಸ ಇರಬೇಕು. ಲಂಡನ್ನಿನಲ್ಲೇ ಹೀಗಿರುವಾಗ ನಮ್ಮೂರಿನ ಬೋರ್ಡುಗಳ ಮೇಲೆ ಬೆಸ್ಪೋಕ್ ಅಂತ ಬರೆದಿರುವುದನ್ನು ನೋಡಿ ಹಣ ಕೊಡಬಾರದು ಅಂತ ನನಗೆ ಆಗಲೇ ಅನ್ನಿಸಿತು.

ಬೆಂಗಳೂರಿಗೆ ಬಂದು ಕಂಟೋನ್ಮೆಂಟ್ ಕಡೆ ನಾಲ್ಕು ಅಂಗಡಿ ಸುತ್ತಿದೆ. ಎಲ್ಲ ಕಡೆ ಮೂರೇ ಪ್ರಶ್ನೆ ಕೇಳಿದೆ. ನನ್ನ ಹೆಸರಿಗೆ ಕಾಗದದ ನಮೂನೆ ಬರೀತೀರಾ? ಕಚ್ಚಾ ಹೊಲಿಗೆಯ ಟ್ರಯಲ್ ಎಷ್ಟು? ಒಳಗಡೆ ಕ್ಯಾನ್ವಾಸಾ, ಅಂಟಿನ ಬಟ್ಟೆಯಾ? ಎರಡು ಅಂಗಡಿಯಲ್ಲಿ ಟ್ರಯಲ್ ಬೇಕಾಗಲ್ಲ ಸಾರ್, ನಮ್ಮ ಕಟಿಂಗ್ ಅಷ್ಟು ಪಕ್ಕಾ ಅಂದರು. ಒಂದು ಕಡೆ ಅಳತೆ ತಗೊಂಡು ಹೊರಗೆ ಎಲ್ಲೋ ಹೊಲಿಸಿ ತರುವ ವ್ಯವಸ್ಥೆ. ನಾಲ್ಕನೆಯದು ಮೊದಲ ಮಹಡಿಯಲ್ಲಿದ್ದ ಚಿಕ್ಕ ಅಂಗಡಿ. ಗೋಡೆಯ ಮೊಳೆಗಳಿಗೆ ಕಂದು ಕಾಗದದ ನಮೂನೆಗಳನ್ನು ತೂಗುಹಾಕಿದ್ದರು. ಪ್ರತಿಯೊಂದರ ಮೇಲೂ ಒಂದು ಹೆಸರು.

ಮಾಸ್ಟರ್ ಟೇಪು ತೆಗೆಯಲಿಲ್ಲ. "ಸುಮ್ನೆ ನಿಂತ್ಕೊಳಿ ಸಾರ್, ಫೋಟೋಗೆ ನಿಂತ ಹಾಗೆ ಬೇಡ" ಅಂದರು. ಬಸ್ಸಿಗೆ ಕಾಯುವವನ ಹಾಗೆ ನಿಂತೆ. ಹಿಂದೆ ಹೋದರು, ಪಕ್ಕಕ್ಕೆ ಬಂದರು. ಎರಡು ಭುಜಗಳ ಮೇಲೂ ಅಂಗೈ ಇಟ್ಟರು. "ಎಡಗಡೆ ಪೆಟ್ಟಾಗಿತ್ತಾ?" ಅಂದರು. ಆಮೇಲೆ ಟೇಪು ತೆಗೆದರು.

ಕಚ್ಚಾ ಟ್ರಯಲ್ ಅಂದರೆ ಏನು ಅಂತ ನೋಡಿಯೇ ತಿಳಿಯಬೇಕು. ಎರಡೂವರೆ ವಾರದ ನಂತರ ಹೋದಾಗ ಕೋಟಿಗೆ ಜೇಬಿರಲಿಲ್ಲ, ಲೈನಿಂಗ್ ಇರಲಿಲ್ಲ, ಒಂದೇ ತೋಳಿತ್ತು. ಮೈತುಂಬ ಬಿಳಿ ನೂಲು. ಹಾಕಿಕೊಂಡ ತಕ್ಷಣ ಎಡ ಭುಜದ ಹೊಲಿಗೆಯನ್ನು ಮಾಸ್ಟರ್ ಒಂದೇ ಎಳೆತಕ್ಕೆ ಬಿಚ್ಚಿದರು. ನನಗೆ ಎದೆ ಧಸಕ್ ಎಂದಿತು. ಬಟ್ಟೆಯನ್ನು ನನ್ನ ಭುಜದ ಮೇಲೆ ಅದರ ಪಾಡಿಗೆ ಬೀಳಲು ಬಿಟ್ಟು, ಎಲ್ಲಿ ನಿಂತಿತೋ ಅಲ್ಲಿ ಪಿನ್ನು ಚುಚ್ಚಿ, ಚಾಕಿನಿಂದ ಗೆರೆ ಎಳೆದರು. ಮುಗಿದ ಕೋಟಿನಲ್ಲಿ ಇದನ್ನು ಮಾಡಲು ಬರುವುದಿಲ್ಲ. ಮುಗಿದ ಮೇಲೆ ಸೊಂಟ ಹಿಡಿಸಬಹುದು, ಬಿಡಿಸಬಹುದು. ಪ್ಯಾಂಟು ಸರಿ ಮಾಡಬಹುದು. ಕಾಜಾ ಕತ್ತರಿಸದಿದ್ದರೆ ತೋಳಿನ ಉದ್ದವನ್ನೂ ತಿದ್ದಬಹುದು. ಭುಜದ ಅಗಲ, ತೋಳು ಸೇರುವ ಜಾಗದ ಆಳ, ಮುಂದೆ ಹಿಂದಿನ ಸಮತೂಕ ಇವೆಲ್ಲ ಒಮ್ಮೆ ಕತ್ತರಿಸಿ ಮುಗಿದರೆ ಹಾಗೇ ಉಳಿಯುತ್ತವೆ.

ಎಡ ಭುಜವನ್ನು ಪೂರ್ತಿ ಮುಚ್ಚಬಹುದಾ ಅಂತ ಕೇಳಿದೆ. "ಮುಚ್ಚಿದ್ರೆ ಪ್ಯಾಡ್ ಎದ್ದು ಕಾಣುತ್ತೆ ಸಾರ್. ಕೋಟಿನ ಭುಜವನ್ನೇ ಸ್ವಲ್ಪ ಇಳಿಸಿ, ಅಗಲ ಸ್ವಲ್ಪ ಕಡಿಮೆ ಮಾಡ್ತೀನಿ. ಪ್ಯಾಡ್ ತೆಳ್ಳಗೆ ಒಂದು ಪದರ ಮಾತ್ರ." ಮಾಲಿನಲ್ಲಿ ದಪ್ಪ ಪ್ಯಾಡ್ ತುರುಕಿದಾಗ ಕಾಲರ್ ಏಕೆ ದೂರ ಹೋಯಿತು ಅಂತ ನನಗೆ ಆಗ ಅರ್ಥವಾಯಿತು. ಕೆಳಗಿನಿಂದ ಎತ್ತಿದ ಬಟ್ಟೆ ಕತ್ತಿನ ಕಡೆ ಹೋಗಿ ಗುಪ್ಪೆಯಾಗಿತ್ತು.

ಬಟ್ಟೆ ವಿಷಯದಲ್ಲಿ ನನ್ನ ದುಡ್ಡು ಉಳಿಸಿದ್ದೂ ಇವರೇ. ನಾನು 'ಸೂಪರ್ 150' ಕೇಳಿದ್ದೆ. ಸಂಖ್ಯೆ ಜಾಸ್ತಿ ಆದಷ್ಟೂ ಒಳ್ಳೆಯದು ಅಂತ ನನ್ನ ಲೆಕ್ಕ. ಆ ಸಂಖ್ಯೆ ಉಣ್ಣೆಯ ಎಳೆ ಎಷ್ಟು ಸಣ್ಣ ಅನ್ನುವುದನ್ನು ಮಾತ್ರ ಹೇಳುತ್ತದೆ. ಸೂಪರ್ 100ರ ಎಳೆ 18.75 ಮೈಕ್ರಾನ್ ದಾಟಬಾರದು, ಸೂಪರ್ 150ರದ್ದು 16.25. ಎಳೆ ಸಣ್ಣದಾದಷ್ಟೂ ಬಟ್ಟೆ ನುಣುಪು, ಅಷ್ಟೇ ಬೇಗ ಸವೆತ. "ಸ್ಕೂಟರಲ್ಲಿ ಹೋಗ್ತೀರಾ?" ಅಂತ ಮಾಸ್ಟರ್ ಕೇಳಿದರು. ಮೆಟ್ರೋ ಸ್ಟೇಷನ್‌ವರೆಗೆ ಹೌದು ಅಂದೆ. ನೂಲನ್ನು ಗಟ್ಟಿಯಾಗಿ ತಿರುಚಿ ನೇಯ್ದ ಒಂದು ಕಡುನೀಲಿ ಉಣ್ಣೆ ತೋರಿಸಿದರು. ಮೀಟರಿಗೆ ಸುಮಾರು 270 ಗ್ರಾಂ ತೂಕದ್ದು. ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಸುಕ್ಕು ತಾನಾಗಿ ಹೋಯಿತು. ಬೆಳಕಿಗೆ ಹಿಡಿದರೆ ಸಣ್ಣ ತೂತುಗಳು ಕಂಡವು, ಅಂದರೆ ಗಾಳಿ ಆಡುತ್ತದೆ. ಬೆಂಗಳೂರಿಗೆ ಇದಕ್ಕಿಂತ ಒಳ್ಳೆಯ ಬಟ್ಟೆ ನಾನು ಕಂಡಿಲ್ಲ. ಪಾಲಿಯೆಸ್ಟರ್ ಬೆರೆತದ್ದು ಅಗ್ಗ, ನಿಜ. ಆದರೆ ಏಪ್ರಿಲ್ ತಿಂಗಳಲ್ಲಿ ಎಂ.ಜಿ. ರಸ್ತೆಯಲ್ಲಿ ಹತ್ತು ನಿಮಿಷ ನಡೆದರೆ ಬೆನ್ನು ನೆಂದುಹೋಗುತ್ತದೆ. ಉಣ್ಣೆಗೆ ಇನ್ನೊಂದು ಗುಣವಿದೆ. ಹಬೆಯ ಇಸ್ತ್ರಿಗೆ ಅದು ಬಾಗುತ್ತದೆ, ಬಾಗಿದ ಆಕಾರವನ್ನು ಉಳಿಸಿಕೊಳ್ಳುತ್ತದೆ. ಭುಜದ ದುಂಡು, ಎದೆಯ ಉಬ್ಬು ಎಷ್ಟೋ ಭಾಗ ಬರುವುದು ಇಸ್ತ್ರಿಪೆಟ್ಟಿಗೆಯಿಂದಲೇ.

ಒಳಗಿನ ಕ್ಯಾನ್ವಾಸ್ ಬಗ್ಗೆಯೂ ಹೇಳಬೇಕು. ಕುದುರೆ ಕೂದಲು ಸೇರಿಸಿ ನೇಯ್ದ ಗಡುಸು ಬಟ್ಟೆಯೊಂದನ್ನು ಕೋಟಿನ ಎದೆಯೊಳಗೆ ಸಣ್ಣ ಸಣ್ಣ ಹೊಲಿಗೆಯಲ್ಲಿ ಕೂರಿಸುತ್ತಾರೆ. ಅದು ಮೈಯ ಬಿಸಿಗೆ ನಿಧಾನವಾಗಿ ನಿಮ್ಮ ಆಕಾರಕ್ಕೆ ಬರುತ್ತದೆ. ಅಗ್ಗದ ಕೋಟಿನಲ್ಲಿ ಇದರ ಬದಲು ಅಂಟಿನ ಬಟ್ಟೆಯನ್ನು ಬಿಸಿಯಲ್ಲಿ ಒತ್ತಿ ಅಂಟಿಸಿರುತ್ತಾರೆ. ಹತ್ತಾರು ಡ್ರೈಕ್ಲೀನಿಂಗ್ ಆದ ಮೇಲೆ ಅಂಟು ಬಿಟ್ಟು ಎದೆಯ ಮೇಲೆ ಗುಳ್ಳೆ ಏಳಬಹುದು. ನೋಡುವುದು ಸುಲಭ. ಕೆಳಗಿನ ಗುಂಡಿಯ ಹತ್ತಿರ ಹೊರಬಟ್ಟೆಯನ್ನೂ ಒಳಬಟ್ಟೆಯನ್ನೂ ಬೆರಳಲ್ಲಿ ಹಿಡಿದು ಬೇರೆ ಮಾಡಿ. ನಡುವೆ ಮೂರನೆಯ ಪದರವೊಂದು ಬಿಡಿಯಾಗಿ ಓಡಾಡಿದರೆ ಕ್ಯಾನ್ವಾಸ್. ಮೇಡ್ ಟು ಮೆಷರ್‌ನಲ್ಲೂ ಕ್ಯಾನ್ವಾಸ್ ಸಿಗುತ್ತದೆ. ಬೆಸ್ಪೋಕ್ ಅಂತ ಹೇಳಿ ಅಂಟಿನದು ಕೊಡುವವರೂ ಇದ್ದಾರೆ. ಇದು ಬೇರೆಯದೇ ಪ್ರಶ್ನೆ, ಬೇರೆಯಾಗಿಯೇ ಕೇಳಬೇಕು.

ಮೂರು ಟ್ರಯಲ್, ಒಂಬತ್ತು ವಾರ. ಬಟ್ಟೆ ಮೂರೂಕಾಲು ಮೀಟರಿಗೆ 21,000, ಹೊಲಿಗೆ 26,000. ಒಟ್ಟು 47,000 ರೂಪಾಯಿ. ನಾಲ್ಕು ಶನಿವಾರ ಮಧ್ಯಾಹ್ನ ಅಲ್ಲಿಗೇ ಹೋಯಿತು. ಅಷ್ಟಾದರೂ ಪ್ಯಾಂಟಿನ ತೊಡೆ ಮೊದಲು ಬಿಗಿಯಾಗಿತ್ತು, ಆಮೇಲೆ ಸರಿಯಾಯಿತು. ಕೋಟಿನ ಬೆನ್ನಿನಲ್ಲಿ ಒಂದು ಸಣ್ಣ ಸುಕ್ಕು ಉಳಿಯಿತು. ಮಾಸ್ಟರ್ ಅದನ್ನು ನೋಡಿ, ಏನೂ ಹೇಳದೆ ನನ್ನ ಕಾಗದದ ನಮೂನೆಯ ಮೇಲೆ ಪೆನ್ಸಿಲ್ ಗೆರೆಯೊಂದನ್ನು ಎಳೆದರು. ಎರಡು ವರ್ಷದ ನಂತರ ಹೊಲಿಸಿದ ಬೂದು ಸೂಟಿನಲ್ಲಿ ಆ ಸುಕ್ಕು ಇರಲಿಲ್ಲ. ಮೊದಲ ಸೂಟಿಗಿಂತ ಎರಡನೆಯದು ಚೆನ್ನಾಗಿ ಬರುವುದು ಈ ಗೆರೆಗಳಿಂದ.

ಹಾಗಂತ ಎಲ್ಲರಿಗೂ ಬೆಸ್ಪೋಕ್ ಹೊಲಿಸಿ ಅಂತ ನಾನು ಹೇಳುವುದಿಲ್ಲ. ನನ್ನ ಜೊತೆ ಕೆಲಸ ಮಾಡುವ ಗೆಳೆಯನೊಬ್ಬ ಅದೇ ಮಾಲಿನ ಅದೇ ಅಂಗಡಿಯಲ್ಲಿ ಮೂರು ಸೂಟು ಮಾಡಿಸಿದ್ದಾನೆ. ಮೂರೂ ಸೊಗಸಾಗಿವೆ. ಅವನ ಎರಡೂ ಭುಜ ಸಮ, ಬೆನ್ನು ನೇರ. ಎದೆಗೂ ಸೊಂಟಕ್ಕೂ ಇರುವ ವ್ಯತ್ಯಾಸ ಮಾತ್ರ ಜಾಸ್ತಿ, ಅದನ್ನು ಕಂಪ್ಯೂಟರ್ ಚೆನ್ನಾಗಿ ತಿದ್ದುತ್ತದೆ. ಅವನು 15,000 ರೂಪಾಯಿ ಜಾಸ್ತಿ ಕೊಟ್ಟು ನಾಲ್ಕು ಶನಿವಾರ ಕಳೆಯುವ ಅಗತ್ಯವೇ ಇಲ್ಲ. ಡಿಸೆಂಬರಿನಲ್ಲಿ ಅಮೆರಿಕದಿಂದ ಬಂದು ಹತ್ತು ದಿನದಲ್ಲಿ ಸೂಟು ಬೇಕು ಅನ್ನುವ ನೆಂಟರಿಗೂ ಬೆಸ್ಪೋಕ್ ಬೇಡ. ಆತುರದಲ್ಲಿ ಮೊದಲು ಬಿಟ್ಟುಹೋಗುವುದು ಕಚ್ಚಾ ಟ್ರಯಲ್ಲೇ. ಅವರು ಭುಜಕ್ಕೆ ಸರಿಹೊಂದುವ ರೆಡಿಮೇಡ್ ತಗೊಂಡು, ಸೊಂಟ, ತೋಳು, ಪ್ಯಾಂಟನ್ನು ಒಳ್ಳೆಯ ಆಲ್ಟರೇಶನ್ ಅಂಗಡಿಯಲ್ಲಿ ಸರಿ ಮಾಡಿಸಿಕೊಂಡರೆ ಚೆಂದ ಕಾಣುತ್ತಾರೆ.

ನನ್ನ ಮೊದಲ ಸೂಟಿನ ಬಗ್ಗೆ ಬಹಳ ದಿನ ಬೇಜಾರಿತ್ತು. ಪದ್ಧತಿಯೇ ಸರಿಯಿಲ್ಲ ಅಂತ ತೀರ್ಮಾನಿಸಿದ್ದೆ. ಕಳೆದ ವರ್ಷ ಬೀರು ಜೋಡಿಸುವಾಗ ಆ ಸೂಟಿನ ಕವರಿನೊಳಗೆ ಆರ್ಡರ್ ಫಾರಂನ ಪ್ರತಿ ಸಿಕ್ಕಿತು. ನಲವತ್ತಕ್ಕೂ ಹೆಚ್ಚು ಕಾಲಂ. ಎದೆ, ಸೊಂಟ, ತೋಳು ಎಲ್ಲ ಅಚ್ಚುಕಟ್ಟಾಗಿ ತುಂಬಿದ್ದರು. ಕೆಳಗಡೆ 'ಭುಜದ ಇಳಿತ' ಅಂತಲೇ ಎರಡು ಕಾಲಂ ಇದ್ದವು, ಎಡ ಮತ್ತು ಬಲ. ಎರಡೂ ಖಾಲಿ. ಕಾರ್ಖಾನೆಗೆ ನನ್ನ ಭುಜ ಇಳಿಸಿ ಕತ್ತರಿಸಲು ಬರುತ್ತಿತ್ತು. ಅವರಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಹೋದ ತಿಂಗಳು ಅಣ್ಣನ ಮಗನಿಗೆ ಸೂಟು ಬೇಕಾಯಿತು. ಎಂಬಿಎ ಮುಗಿಸಿದ್ದಾನೆ, ಇಂಟರ್‌ವ್ಯೂಗಳು ಶುರುವಾಗಿವೆ. ಕೈಯಲ್ಲಿ ಐದು ವಾರ, ಮೂವತ್ತು ಸಾವಿರ. ಮೇಡ್ ಟು ಮೆಷರ್ ಕೌಂಟರಿಗೇ ಕರೆದುಕೊಂಡು ಹೋದೆ, ಬೇರೆ ಅಂಗಡಿಯದು. ಕೈತುದಿಯ ಕಾಜಾ ಈಗಲೇ ಕತ್ತರಿಸಬೇಡಿ ಅಂತ ಮೊದಲೇ ಹೇಳಿದೆ. ಅಳತೆ ತಗೊಳ್ಳಲು ಬಂದವಳು ಚಿಕ್ಕ ವಯಸ್ಸಿನ ಹುಡುಗಿ. ಟ್ರಯಲ್ ಕೋಟು ಹಾಕಿಸಿ, ಪಿನ್ನು ಕೈಗೆತ್ತಿಕೊಳ್ಳದೆ ಮೂರು ಹೆಜ್ಜೆ ಹಿಂದೆ ಸರಿದು ನಿಂತಳು. "ಸುಮ್ನೆ ನಿಂತ್ಕೊಳಿ, ಎದೆ ಎತ್ತಬೇಡಿ" ಅಂದಳು. ಹಿಂದೆ ಹೋಗಿ ಕತ್ತಿನ ಹತ್ತಿರ ನೋಡಿದಳು. ನಾನು ಬಾಯಿ ತೆರೆಯಲಿಲ್ಲ.

"ಯಾವಾಗಲೂ ಬ್ಯಾಗು ಬಲಗಡೆ ಹಾಕ್ತೀರಾ?" ಅಂತ ಅವನನ್ನು ಕೇಳಿದಳು. ಹೌದು ಅಂದ. ಅವಳು ಫಾರಂನಲ್ಲಿ ಕೆಳಗಿನ ಕಾಲಂಗೆ ಹೋಗಿ, ಬಲ ಭುಜದ ಎದುರು ಕಾಲು ಇಂಚು ಅಂತ ಬರೆದಳು.